ಏರ್ ರೈಫಲ್‌ಗೆ ಯಾವ ತೂಕದ ಪೆಲೆಟ್? 10 ಮೀಟರ್ ಅಭ್ಯಾಸ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಪಾಂಡವಪುರದ ಕಡೆಯ ಒಬ್ಬ ಹುಡುಗ ಹೋದ ತಿಂಗಳು ಬಂದೂಕಿನ ಜೊತೆಗೆ ಒಂದು ಚೀಲ ಹಿಡಿದುಕೊಂಡು ಮೈಸೂರಿಗೆ ಬಂದಿದ್ದ. ಚೀಲದಲ್ಲಿ ಏಳು ಡಬ್ಬಿ ಪೆಲೆಟ್. ಒಂದೊಂದರಲ್ಲೂ ಮೂವತ್ತು ನಲವತ್ತು ಗುಂಡು ಮಾತ್ರ ಖಾಲಿ. "ತೂಕ ಜಾಸ್ತಿಯಿದ್ರೆ ನೆಟ್ಟಗೆ ಹೋಯ್ತದೆ ಅಂದ್ರು ಕಣಣ್ಣ, ಅದ್ಕೇ ತಗೊಂಡೆ. ಆಮೇಲೆ ಹಗುರದ್ದು ಬೇಕು ಅಂದ್ರು" ಅಂದ. ಅವನ ರೈಫಲ್ ಕೈಗೆ ತೆಗೆದುಕೊಂಡು ಕಟ್ಟಿಗೆಯ ಭಾಗ ಹಿಡಿದು ಅಲುಗಾಡಿಸಿದೆ. ಮುಂದಿನ ಎರಡು ಸ್ಕ್ರೂ ಬೆರಳಿನಲ್ಲೇ ತಿರುಗುವಷ್ಟು ಸಡಿಲವಾಗಿದ್ದವು. ಏಳು ಡಬ್ಬಿಯ ದುಡ್ಡು ಹೋದದ್ದು ಆ ಎರಡು ಸ್ಕ್ರೂಗೆ.

ಇಂಥವರು ವಾರಕ್ಕೆ ಒಬ್ಬರಾದರೂ ಸಿಗುತ್ತಾರೆ. ತಪ್ಪು ಹೆಚ್ಚಾಗಿ ಪೆಲೆಟ್‌ನದಲ್ಲ, ಕೆಲಸದ ಕ್ರಮದ್ದು. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡುತ್ತಾರೆ. ಹಾಗಾಗಿ ಇಲ್ಲಿರುವ ಹಂತಗಳನ್ನು ದಯವಿಟ್ಟು ಹಾರಿಸಬೇಡಿ, ಹಿಂದುಮುಂದು ಮಾಡಬೇಡಿ.

ಶುರುಮಾಡುವ ಮುಂಚೆ: ಇದು ಕಾಗದಕ್ಕೆ ಹೊಡೆಯುವ ಬಂದೂಕು

ತೋಟಕ್ಕೆ ಬರುವ ಕೋತಿ, ನವಿಲು, ಕಾಡುಹಂದಿಗೆ ಯಾವ ತೂಕದ ಗುಂಡು ಒಳ್ಳೆಯದು ಎಂದು ಕೇಳುವವರು ನಮ್ಮ ಕಡೆ ಬಹಳ. ಅದಕ್ಕೆ ಒಂದೇ ಉತ್ತರ: ಯಾವುದೂ ಇಲ್ಲ. ನವಿಲು, ಕಾಡುಹಂದಿ ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವುಗಳ ಮೇಲೆ ಹೊಡೆದರೆ ಜೈಲಿಗೆ ಹೋಗುವ ಅಪರಾಧ. ಕಾನೂನಿನ ಮಾತು ಪಕ್ಕಕ್ಕಿಟ್ಟರೂ, ಏರ್ ಗನ್ ಗುಂಡು ದೊಡ್ಡ ಪ್ರಾಣಿಯನ್ನು ಕೊಲ್ಲುವುದಿಲ್ಲ. ಮಾಂಸದೊಳಗೆ ಸೀಸ ಉಳಿದು ಗಾಯ ಕೀವಾಗಿ, ಅದು ವಾರಗಟ್ಟಲೆ ನರಳುತ್ತದೆ. ಬೆಳೆ ಹಾಳಾಗಿದ್ದರೆ ಫೋಟೊ ತೆಗೆದಿಟ್ಟು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಈ ಬರಹ 10 ಮೀಟರ್ ದೂರದ ಟಾರ್ಗೆಟ್‌ಗೆ ಮಾತ್ರ.

ಲೈಸೆನ್ಸ್ ವಿಷಯವೂ ಇಲ್ಲೇ ಮುಗಿಸಿಬಿಡೋಣ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬ್ಯಾರೆಲ್ ಒಳಗಿನ ಅಡ್ಡಳತೆ 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಹೆಚ್ಚು ಜೋರಾಗಿ ಹೋಗಲಿ ಎಂದು ಸ್ಪ್ರಿಂಗ್ ಬದಲಾಯಿಸಿ ಆ ಗೆರೆ ದಾಟಿದರೆ ನಿಮ್ಮ ಕೈಯಲ್ಲಿರುವುದು ಲೈಸೆನ್ಸ್ ಇಲ್ಲದ ಆಯುಧ.

ಒಂದು ಲೆಕ್ಕ, ಇದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ

ಸ್ಪರ್ಧೆಗೆ ಬಳಸುವ ಏರ್ ರೈಫಲ್‌ನಿಂದ 0.53 ಗ್ರಾಂ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದುಕೊಳ್ಳಿ. 10 ಮೀಟರ್ ದಾಟುವಷ್ಟರಲ್ಲಿ ಅದು ಸುಮಾರು 17 ಮಿ.ಮೀ. ಕೆಳಗಿಳಿದಿರುತ್ತದೆ. ಅದೇ ಬಂದೂಕಿಗೆ, ಅದೇ ಶಕ್ತಿಯಲ್ಲಿ 0.49 ಗ್ರಾಂ ಪೆಲೆಟ್ ಹಾಕಿದರೆ ವೇಗ 177ರ ಹತ್ತಿರ, ಇಳಿತ ಸುಮಾರು 15.7 ಮಿ.ಮೀ. ಎರಡರ ನಡುವಿನ ವ್ಯತ್ಯಾಸ 1.3 ಮಿ.ಮೀ. ರೈಫಲ್ ಟಾರ್ಗೆಟ್‌ನಲ್ಲಿ ಒಂದು ರಿಂಗಿನಿಂದ ಮುಂದಿನ ರಿಂಗಿಗೆ 2.5 ಮಿ.ಮೀ. ಅಂದರೆ ತೂಕ ಬದಲಾದರೆ ಗುಂಡು ಬೀಳುವ ಜಾಗ ಸುಮಾರು ಅರ್ಧ ರಿಂಗ್ ಮೇಲೆ ಕೆಳಗೆ ಆಗುತ್ತದೆ, ಅಷ್ಟೆ. ಸ್ಪ್ರಿಂಗ್ ಬಂದೂಕು, ಅಂದರೆ ಒಳಗಿನ ಸ್ಪ್ರಿಂಗ್ ಪಿಸ್ಟನ್ ತಳ್ಳಿ ಗಾಳಿ ಒತ್ತುವ ಬಂದೂಕು, ಒದೆಯುವುದರಿಂದ ಅದರಲ್ಲಿ ಇನ್ನೂ ಸ್ವಲ್ಪ ಹೆಚ್ಚು ಜರುಗಬಹುದು. ಎರಡನ್ನೂ ಗುರಿ ಹಿಡಿಯುವ ಸೈಟ್ ತಿರುಗಿಸಿ ಸರಿಮಾಡಿಕೊಳ್ಳಬಹುದು.

ಸೈಟ್ ತಿರುಗಿಸಿ ಸರಿಮಾಡಲಾಗದ್ದು ಚದುರುವಿಕೆ. ಹತ್ತು ಗುಂಡು ಹತ್ತು ಕಡೆ ಹೋದರೆ ಯಾವ ಸೈಟೂ ಕಾಪಾಡುವುದಿಲ್ಲ. ನಾವು ತೂಕ ಆರಿಸುವುದು ಚದುರುವಿಕೆ ಕಡಿಮೆ ಮಾಡಲು. ಗುಂಡು ಮೇಲೆ ಬೀಳುತ್ತಿದೆ, ಕೆಳಗೆ ಬೀಳುತ್ತಿದೆ ಎಂಬ ಕಾರಣಕ್ಕೆ ಯಾರೂ ಡಬ್ಬಿ ಬದಲಾಯಿಸಬೇಕಿಲ್ಲ.

ಬೇಕಾಗುವ ಸಾಮಾನು

ಬಂದೂಕಿನ ಸ್ಕ್ರೂಗಳಿಗೆ ಸರಿಯಾಗಿ ಕೂರುವ ಅಲೆನ್ ಕೀ ಅಥವಾ ಸ್ಕ್ರೂಡ್ರೈವರ್. ಬ್ಯಾರೆಲ್ ಒರೆಸಲು ಮೀನುಗಾಳದ ನೈಲಾನ್ ದಾರ, ಹಳೆಯ ಹತ್ತಿ ಬಟ್ಟೆಯ ತುಂಡು. ಒಂದು ವರ್ನಿಯರ್ ಕ್ಯಾಲಿಪರ್. ಮರಳು ಅಥವಾ ಅಕ್ಕಿ ತುಂಬಿದ ಚೀಲ ಎರಡು. ಕಣ್ಣಿಗೆ ಕನ್ನಡಕ, ನಿಮಗೂ ಪಕ್ಕದಲ್ಲಿ ನಿಂತವರಿಗೂ.

ಟಾರ್ಗೆಟ್ ಕಾಗದದಲ್ಲಿ ಹೆಚ್ಚಿನವರು ಎಡವುತ್ತಾರೆ. ತೆಳ್ಳನೆಯ ಜೆರಾಕ್ಸ್ ಹಾಳೆ ಹರಿದು ನಕ್ಷತ್ರದಂತೆ ಬಿಚ್ಚಿಕೊಳ್ಳುತ್ತದೆ, ತೂತಿನ ಅಂಚು ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಮುದ್ರಿತ ಟಾರ್ಗೆಟ್ ಸಿಗದಿದ್ದರೆ ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಚುಕ್ಕೆ ಹಾಕಿಕೊಳ್ಳಿ. ಆ ದಪ್ಪ ಕಾಗದದಲ್ಲಿ ಚಪ್ಪಟೆ ತಲೆಯ ಪೆಲೆಟ್ ಪಂಚಿಂಗ್ ಮೆಷಿನ್ ಹೊಡೆದಂತೆ ದುಂಡಗೆ ಕತ್ತರಿಸಿಕೊಂಡು ಹೋಗುತ್ತದೆ. ನಮ್ಮ ಮನೆಯಲ್ಲಿ ಒಂದು ಮದುವೆ ಸೀಸನ್ ಮುಗಿದರೆ ಆರು ತಿಂಗಳ ಟಾರ್ಗೆಟ್ ಸಿಕ್ಕಿದಂತೆ.

ಹಿಂದೆ ಗುಂಡು ತಡೆಯುವ ಪೆಟ್ಟಿಗೆ ಇರಲೇಬೇಕು. ಬರಿಯ ಕಬ್ಬಿಣದ ತಗಡು ನೇರವಾಗಿ ನಿಲ್ಲಿಸಬೇಡಿ, ಸೀಸದ ಚೂರು ವಾಪಸು ಬರುತ್ತದೆ. ಟೆರೇಸ್ ಮೇಲೆ ಹೊಡೆಯುವವರು ಗೋಡೆ ಎತ್ತರವಾಗಿದೆಯೇ, ಬಾಗಿಲಿಗೆ ಚಿಲಕ ಹಾಕಿದೆಯೇ ಎಂದು ಪ್ರತಿ ಸಲ ನೋಡಿ. ಒಣಹಾಕಿದ ಬಟ್ಟೆ ತೆಗೆಯಲು ಯಾರಾದರೂ ಮೆಟ್ಟಿಲು ಹತ್ತಿ ಬರುವುದು ಯಾವಾಗಲೂ ನೀವು ಟ್ರಿಗರ್ ಮೇಲೆ ಬೆರಳಿಟ್ಟ ಹೊತ್ತಿಗೇ.

ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಒಳ್ಳೆಯದು. ಕೊಳ್ಳಬೇಕಿಲ್ಲ, ಇರುವವರ ಹತ್ತಿರ ಹೋಗಿ ಒಂದು ಸಲ ಅಳೆಸಿಕೊಂಡರೆ ಸಾಕು.

ಹಂತ 1: ಮೊದಲು ಬಂದೂಕು, ಆಮೇಲೆ ಗುಂಡು

ಎಲ್ಲ ಸ್ಕ್ರೂ ಬಿಗಿ ಮಾಡಿ. ಸ್ಪ್ರಿಂಗ್ ಬಂದೂಕಿನಲ್ಲಿ ಇದು ಒಂದು ಸಲ ಮಾಡಿ ಮರೆಯುವ ಕೆಲಸವಲ್ಲ. ಒಳಗೆ ಪಿಸ್ಟನ್ ಮುಂದಕ್ಕೆ ಹಿಂದಕ್ಕೆ ಬಡಿಯುವುದರಿಂದ ಪ್ರತಿ ನೂರು ಇನ್ನೂರು ಗುಂಡಿಗೆ ಅವು ತಾವಾಗಿಯೇ ಸಡಿಲಾಗುತ್ತವೆ. ಮುರಿಯುವಷ್ಟು ಬಿಗಿಯುವುದೂ ಬೇಡ. ಬೆರಳ ಬಲದಲ್ಲಿ ನಿಂತ ಮೇಲೆ ಇನ್ನೊಂದು ಕಾಲು ಸುತ್ತು ಸಾಕು.

ಸೈಟ್ ಅಲುಗುತ್ತದೆಯೇ ನೋಡಿ. ಬ್ಯಾರೆಲ್ ಮಡಚುವ ಬಂದೂಕಾದರೆ ಮುಚ್ಚಿದ ಮೇಲೆ ಬ್ಯಾರೆಲ್ ಹಿಡಿದು ಎಡಕ್ಕೆ ಬಲಕ್ಕೆ ತಳ್ಳಿ. ಕೂದಲೆಳೆಯಷ್ಟು ಆಡಿದರೂ ಗುಂಡುಗಳು ಒಂದೆಡೆ ಸೇರಿ ಗ್ರೂಪ್ ಬರುವುದಿಲ್ಲ, ಅದನ್ನು ರಿಪೇರಿ ಮಾಡಿಸದೆ ಮುಂದಿನ ಹಂತಕ್ಕೆ ಹೋಗಬೇಡಿ.

ಆಮೇಲೆ ಬ್ಯಾರೆಲ್ ಒಳಗೆ ನೈಲಾನ್ ದಾರ ಇಳಿಬಿಟ್ಟು, ಒಣ ಬಟ್ಟೆಯ ತುಂಡು ಕಟ್ಟಿ, ಗುಂಡು ಹಾಕುವ ಕಡೆಯಿಂದ ಬಾಯಿಯ ಕಡೆಗೆ ಎಳೆಯಿರಿ. ಮೂರು ನಾಲ್ಕು ಸಲ, ಬಟ್ಟೆ ಬೆಳ್ಳಗೆ ಬರುವವರೆಗೆ. ಕಬ್ಬಿಣದ ಕಡ್ಡಿ ತುರುಕಬೇಡಿ, ಬಾಯಿಯ ಅಂಚಿಗೆ ಒಂದು ಗೀರು ಬಿದ್ದರೆ ಮುಗಿಯಿತು. ಗುಂಡು ಕೊನೆಗೆ ಮುಟ್ಟುವ ಜಾಗ ಅದೇ. ಬ್ಯಾರೆಲ್ ಒರೆಸಲು ಗುಂಡಿನ ಬದಲು ಹೊಡೆಯುವ ಉಣ್ಣೆಯ ತುಂಡುಗಳನ್ನು ಸ್ಪ್ರಿಂಗ್ ಬಂದೂಕಿಗೆ ಹಾಕಬಾರದು. ಅವು ತೀರಾ ಹಗುರ, ಖಾಲಿ ಹೊಡೆದಂತೆಯೇ ಆಗಿ ಪಿಸ್ಟನ್ ಜೋರಾಗಿ ಬಡಿಯುತ್ತದೆ.

ಸ್ಪ್ರಿಂಗ್ ಬಂದೂಕಿನ ಗಾಳಿ ಕೊಠಡಿಗೆ ಎಣ್ಣೆ ಹಾಕುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಎಣ್ಣೆ ಒತ್ತಡಕ್ಕೆ ಹೊತ್ತಿಕೊಳ್ಳುತ್ತದೆ, ಒಂದು ಗುಂಡು ಜೋರು, ಇನ್ನೊಂದು ಮೆಲ್ಲಗೆ.

ಹಂತ 2: ನಿಮ್ಮ ಬಂದೂಕಿನ ಶಕ್ತಿ ಎಷ್ಟು?

ಪೆಲೆಟ್ ತೂಕವನ್ನು ಗ್ರಾಂನಲ್ಲಿ ತೆಗೆದುಕೊಳ್ಳಿ. ಅಳೆಸಿಕೊಂಡ ವೇಗವನ್ನು (ಸೆಕೆಂಡಿಗೆ ಎಷ್ಟು ಮೀಟರ್) ವೇಗದಿಂದಲೇ ಗುಣಿಸಿ, ತೂಕದಿಂದ ಗುಣಿಸಿ, 2000ದಿಂದ ಭಾಗಿಸಿ. ಬರುವುದು ಜೂಲ್. 0.53 ಗ್ರಾಂ, 170 ಮೀಟರ್ ಆದರೆ ಸುಮಾರು 7.7 ಜೂಲ್. 10 ಮೀಟರ್ ಸ್ಪರ್ಧೆಯ ಬಂದೂಕುಗಳು ಈ ಆಸುಪಾಸಿನಲ್ಲೇ ಇರುತ್ತವೆ. ಅಂಗಡಿಯಲ್ಲಿ ಸಿಗುವ ಮಡಚುವ ಸ್ಪ್ರಿಂಗ್ ಬಂದೂಕುಗಳಲ್ಲಿ ಇದಕ್ಕಿಂತ ಕಡಿಮೆಯದೂ ಇವೆ, ಎರಡು ಪಟ್ಟಿನದೂ ಇವೆ.

ಪೆಟ್ಟಿಗೆ ಮೇಲೆ ಬರೆದ ವೇಗವನ್ನು ನಂಬಿ ಲೆಕ್ಕ ಹಾಕಬೇಡಿ. ಅದು ಸಾಮಾನ್ಯವಾಗಿ ಸಿಗುವುದರಲ್ಲೇ ಅತಿ ಹಗುರ ಗುಂಡಿನಿಂದ ಬಂದ ಸಂಖ್ಯೆ. ಡಬ್ಬಿಗಳ ಮೇಲೆ ತೂಕ ಗ್ರೈನ್‌ನಲ್ಲಿ ಇದ್ದರೆ 0.0648ರಿಂದ ಗುಣಿಸಿದರೆ ಗ್ರಾಂ ಬರುತ್ತದೆ. 8.18 ಗ್ರೈನ್ ಅಂದರೆ 0.53 ಗ್ರಾಂ. 7 ಗ್ರೈನ್ ಅಂದರೆ 0.45 ಗ್ರಾಂ.

ಹಂತ 3: ಶಕ್ತಿಗೆ ತಕ್ಕ ತೂಕ, ಮೂರೇ ಡಬ್ಬಿ

ಇಲ್ಲಿ ಬಂದೂಕಿನ ಜಾತಿ ಮುಖ್ಯ. ಸಿಲಿಂಡರ್‌ನಲ್ಲಿ ಗಾಳಿ ತುಂಬಿಸಿಕೊಂಡು ಹೊಡೆಯುವ ಬಂದೂಕು ಒದೆಯುವುದಿಲ್ಲ, ತೂಕ ಸ್ವಲ್ಪ ಹೆಚ್ಚಾದರೆ ಅದಕ್ಕೆ ತೊಂದರೆಯಿಲ್ಲ. ಸ್ಪ್ರಿಂಗ್ ಬಂದೂಕು ಹಾಗಲ್ಲ. ಗುಂಡು ತೀರಾ ಭಾರವಾದರೆ ಅದು ತಡವಾಗಿ ಜರುಗುತ್ತದೆ. ಅಷ್ಟರಲ್ಲಿ ಪಿಸ್ಟನ್ ಮುಂದೆ ಗಾಳಿ ಗಟ್ಟಿಯಾಗಿ, ಪಿಸ್ಟನ್ ಅದಕ್ಕೆ ಬಡಿದು ಹಿಂದಕ್ಕೆ ಪುಟಿಯುತ್ತದೆ. ಗುಂಡು ಇನ್ನೂ ಬ್ಯಾರೆಲ್‌ನಲ್ಲಿರುವಾಗಲೇ ಬಂದೂಕು ಎರಡು ಸಲ ಕುಲುಕುತ್ತದೆ. ತೀರಾ ಹಗುರವಾದರೆ ತಡೆಯೇ ಇಲ್ಲದೆ ಪಿಸ್ಟನ್ ನೇರ ಗೋಡೆಗೆ ಗುದ್ದುತ್ತದೆ, ಸ್ಪ್ರಿಂಗ್ ಮತ್ತು ಸೀಲ್ ಹಾಳು.

ನಾನು ಶುರುಮಾಡಲು ಹೇಳುವ ತೂಕಗಳು ಇವು. ಗಾಳಿ ತುಂಬುವ ಸ್ಪರ್ಧೆಯ ರೈಫಲ್‌ಗೆ 0.49ರಿಂದ 0.53 ಗ್ರಾಂ. 8 ಜೂಲ್ ಒಳಗಿನ ಸ್ಪ್ರಿಂಗ್ ಬಂದೂಕಿಗೆ 0.45ರಿಂದ 0.53. 12ರಿಂದ 18 ಜೂಲ್ ಸ್ಪ್ರಿಂಗ್ ಬಂದೂಕಿಗೆ 0.51ರಿಂದ 0.58. ಮೊದಲು ಹೇಳಿದ ಹುಡುಗನ ಬಂದೂಕು 7 ಜೂಲ್ ಚಿಲ್ಲರೆ, ಅವನ ಚೀಲದಲ್ಲಿದ್ದ ಅತಿ ಭಾರದ ಗುಂಡು 0.68 ಗ್ರಾಂ. ಅಂಥದ್ದಕ್ಕೆ 20 ಜೂಲ್ ಹತ್ತಿರದ ಬಂದೂಕು, 10 ಮೀಟರ್‌ಗಿಂತ ದೂರದ ಟಾರ್ಗೆಟ್ ಬೇಕು.

ಸೀಸವಿಲ್ಲದ ಅತಿ ಹಗುರ ಲೋಹದ ಪೆಲೆಟ್‌ಗಳ ಬಗ್ಗೆ ಒಂದು ಮಾತು. 0.34 ಗ್ರಾಂ ಗುಂಡನ್ನು 20 ಜೂಲ್ ಶಕ್ತಿಯಲ್ಲಿ ಹೊಡೆದರೆ ಲೆಕ್ಕದ ಪ್ರಕಾರ ವೇಗ ಸೆಕೆಂಡಿಗೆ 343 ಮೀಟರ್. ಅದು ಶಬ್ದದ ವೇಗ. ಪೆಲೆಟ್ ಶಟಲ್ ಕಾಕ್‌ನಂತೆ ಹಿಂದಿನ ಅಗಲ ಭಾಗದ ಗಾಳಿ ತಡೆಯಿಂದ ನೆಟ್ಟಗೆ ನಿಲ್ಲುವ ವಸ್ತು. ಶಬ್ದದ ವೇಗದ ಹತ್ತಿರ ಅದರ ಸುತ್ತಲಿನ ಗಾಳಿ ಕದಡಿಹೋಗಿ ಗುಂಡು ತೂರಾಡುತ್ತದೆ. 'ಅತಿ ವೇಗ' ಎಂಬ ಬರಹ ನೋಡಿ ಕೊಂಡವರ ಟಾರ್ಗೆಟ್ ಜರಡಿಯಂತಾಗುವುದು ಇದಕ್ಕೇ.

ಹೇಳಿದ ಮಿತಿಯೊಳಗೆ ಮೂರು ಬೇರೆ ಬೇರೆ ಪೆಲೆಟ್ ಕೊಳ್ಳಿ. ಮೂರೂ ಚಪ್ಪಟೆ ತಲೆಯವೇ ಇರಲಿ. ಒಂದು ಡಬ್ಬಿ ಚೂಪು ತಲೆ, ಒಂದು ದುಂಡು ತಲೆ, ಒಂದು ಚಪ್ಪಟೆ ತಂದರೆ ವ್ಯತ್ಯಾಸ ತೂಕದಿಂದ ಬಂತೋ ಆಕಾರದಿಂದ ಬಂತೋ ಗೊತ್ತಾಗುವುದಿಲ್ಲ. 10 ಮೀಟರ್‌ಗೆ ಚಪ್ಪಟೆ ತಲೆಗಿಂತ ಬೇರೆ ಬೇಕಿಲ್ಲ. ಸ್ಪರ್ಧೆಯವರೆಲ್ಲ ಹೊಡೆಯುವುದು ಅದನ್ನೇ.

ಹಂತ 4: ಡಬ್ಬಿ ಬಿಚ್ಚಿ ನೋಡುವುದು

ಡಬ್ಬಿ ಬಿಚ್ಚಿದ ಕೂಡಲೇ ಬಂದೂಕಿಗೆ ಹಾಕಬೇಡಿ. ಟ್ಯೂಬ್‌ಲೈಟ್ ಕೆಳಗೆ ಬಿಳಿ ಬಟ್ಟೆ ಹಾಸಿ, ಇಪ್ಪತ್ತು ಪೆಲೆಟ್ ಸುರಿದು, ಒಂದೊಂದನ್ನೇ ಬೆರಳ ತುದಿಯಲ್ಲಿ ತಿರುಗಿಸಿ ನೋಡಿ. ಹಿಂಬದಿಯ ಅಂಚು, ಸ್ಕರ್ಟ್ ಎನ್ನುತ್ತಾರೆ, ಪೂರ್ಣ ದುಂಡಗಿರಬೇಕು. ಅದು ತೆಳ್ಳನೆಯ ಸೀಸ. ಗಾಳಿ ನುಗ್ಗಿದಾಗ ಹಿಗ್ಗಿ ಬ್ಯಾರೆಲ್‌ಗೆ ಅಂಟಿ ಗಾಳಿ ಸೋರದಂತೆ ತಡೆಯುವುದೇ ಅದರ ಕೆಲಸ. ಒಂದು ಕಡೆ ಉಗುರಿನಲ್ಲಿ ಒತ್ತಿದಷ್ಟು ಸೊಟ್ಟಗಾದರೂ ಗಾಳಿ ಆ ಕಡೆಯಿಂದ ಮೊದಲು ಹೊರಬಿದ್ದು ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆ. ಒಂಬತ್ತು ಗುಂಡು ಒಂದೇ ತೂತಿನಲ್ಲಿ, ಹತ್ತನೆಯದು ಎರಡು ರಿಂಗ್ ಆಚೆ ಎನ್ನುವವರು ಮೊದಲು ಇದನ್ನು ನೋಡಿ.

ಕಣ್ಣಿಗೆ ಕಾಣದಿದ್ದರೆ ಗಾಜಿನ ಮೇಲೆ ಉರುಳಿಸಿ. ತಲೆಗಿಂತ ಸ್ಕರ್ಟ್ ಅಗಲವಿರುವುದರಿಂದ ಒಳ್ಳೆಯ ಪೆಲೆಟ್ ನಯವಾಗಿ ಕಮಾನಿನಂತೆ ತಿರುಗುತ್ತ ಉರುಳುತ್ತದೆ. ಸೊಟ್ಟಗಿರುವುದು ಕುಂಟುತ್ತದೆ.

ಇನ್ನು ತೂಕ. ಆಭರಣದಂಗಡಿಯ ಸಾಮಾನ್ಯ ತಕ್ಕಡಿ ಗ್ರಾಂನ ನೂರನೆಯ ಒಂದು ಭಾಗ ತೋರಿಸುತ್ತದೆ. ಒಂದೊಂದು ಪೆಲೆಟ್ ಇಟ್ಟರೆ ಹೆಚ್ಚುಕಡಿಮೆ ಎಲ್ಲವೂ 0.53 ಎಂದೇ ಬರುತ್ತದೆ, ಪ್ರಯೋಜನವಿಲ್ಲ. ಆದರೆ ಎಣಿಸಿ 100 ಪೆಲೆಟ್ ಒಟ್ಟಿಗೆ ಇಟ್ಟು ನೂರರಿಂದ ಭಾಗಿಸಿದರೆ ಡಬ್ಬಿಯ ನಿಜವಾದ ಸರಾಸರಿ ತೂಕ ಸಿಗುತ್ತದೆ. ಅಶೋಕ ರಸ್ತೆಯಲ್ಲಿ ಪರಿಚಯದವರ ಅಂಗಡಿಯಲ್ಲಿ ನಾನು ಹೀಗೆ ತೂಗಿಸಿದ ಒಂದು ಅಗ್ಗದ ಡಬ್ಬಿ, ಮೇಲೆ 0.50 ಎಂದು ಬರೆದಿದ್ದರೂ 0.55ರ ಹತ್ತಿರ ಬಂತು. ಎರಡು ತಿಂಗಳು ಅದನ್ನು ಹಗುರ ಪೆಲೆಟ್ ಎಂದು ನಂಬಿ, ಹಗುರದ್ದು ನನ್ನ ಬಂದೂಕಿಗೆ ಆಗುವುದಿಲ್ಲ ಎಂದು ತೀರ್ಮಾನ ಮಾಡಿದ್ದೆ. ಆ ಎರಡು ತಿಂಗಳು ಬರೆದಿಟ್ಟ ಪುಟಗಳನ್ನೆಲ್ಲ ಹೊಡೆದುಹಾಕಬೇಕಾಯಿತು.

ಒಂದೊಂದನ್ನೂ ತೂಗಿ ಬೇರ್ಪಡಿಸಬೇಕೇ? ಗ್ರಾಂನ ಸಾವಿರದ ಒಂದು ಭಾಗ ತೋರಿಸುವ ತಕ್ಕಡಿ ಇದ್ದರೆ ಇಪ್ಪತ್ತು ಪೆಲೆಟ್ ತೂಗಿ ನೋಡಿ. ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ 0.02 ಗ್ರಾಂ ಒಳಗೆ ಅಂತರವಿದ್ದರೆ ತಕ್ಕಡಿ ಒಳಗಿಡಿ. 0.01 ಗ್ರಾಂ ಹೆಚ್ಚುಕಡಿಮೆಯಾದರೆ ಗುಂಡು ಬೀಳುವ ಜಾಗ ಬದಲಾಗುವುದು ಸುಮಾರು 0.3 ಮಿ.ಮೀ. ಪಾಯಿಂಟ್ ಲೆಕ್ಕದಲ್ಲಿ ಒಂದು ದಶಾಂಶಕ್ಕೆ, ಅಂದರೆ 0.1 ಪಾಯಿಂಟಿಗೆ, ಸ್ವಲ್ಪ ಮೇಲೆ. 60 ಗುಂಡಿನಲ್ಲಿ ಇನ್ನೂ ಎಂಟು, ಒಂಬತ್ತು ಪಾಯಿಂಟ್‌ಗಳನ್ನೇ ಹೊಡೆಯುತ್ತಿರುವವರು ರಾತ್ರಿ ಹನ್ನೊಂದರವರೆಗೆ ಕೂತು ಪೆಲೆಟ್ ತೂಗುವುದನ್ನು ನೋಡಿ ಬೇಜಾರಾಗುತ್ತದೆ. ಆ ಹೊತ್ತು ಖಾಲಿ ಬಂದೂಕು ಹಿಡಿದು ನಿಲ್ಲುವುದಕ್ಕೆ ಕೊಡಿ.

ಹಂತ 5: ಹೊಡೆದು ನೋಡುವುದು

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು. ಅವಸರ ಮಾಡುವುದೂ ಇಲ್ಲಿಯೇ.

ಕುಳಿತು ಹೊಡೆಯಿರಿ. ನಿಂತು ಹೊಡೆದರೆ ಅಳತೆಯಾಗುವುದು ನಿಮ್ಮ ಮೈಯ ಅಲುಗಾಟ. ಗಾಳಿ ತುಂಬುವ ಬಂದೂಕನ್ನು ಚೀಲದ ಮೇಲೆ ನೇರವಾಗಿ ಇಡಬಹುದು. ಸ್ಪ್ರಿಂಗ್ ಬಂದೂಕನ್ನು ಎಂದೂ ಗಟ್ಟಿ ಚೀಲದ ಮೇಲೆ ಇಡಬೇಡಿ, ಅದು ನೆಗೆಯುತ್ತದೆ. ಚೀಲದ ಮೇಲೆ ನಿಮ್ಮ ಎಡಗೈ ಅಂಗೈ ಮೇಲಾಗಿ ಇರಲಿ, ಅದರ ಮೇಲೆ ಬಂದೂಕು ಸಡಿಲವಾಗಿ ಮಲಗಿರಲಿ. ಕೂಸನ್ನು ಹಿಡಿದಂತೆ, ಹಿಸುಕದೆ. ಅಂಗೈ ಬಂದೂಕಿನ ಯಾವ ಜಾಗದಲ್ಲಿತ್ತೋ ಅಲ್ಲಿಗೆ ಒಂದು ಟೇಪ್ ಅಂಟಿಸಿ, ಪ್ರತಿ ಗುಂಡಿಗೂ ಅದೇ ಜಾಗ.

ಹೊಸ ಡಬ್ಬಿಗೆ ಬದಲಾದಾಗ ಮೊದಲ ಹದಿನೈದು ಇಪ್ಪತ್ತು ಗುಂಡು ಲೆಕ್ಕಕ್ಕಿಲ್ಲ. ಹಿಂದಿನ ಪೆಲೆಟ್‌ನ ಸೀಸದ ಪೊರೆ ಬ್ಯಾರೆಲ್‌ನಲ್ಲಿ ಉಳಿದಿರುತ್ತದೆ, ಹೊಸದಕ್ಕೆ ಅದು ಹೊಂದಿಕೊಳ್ಳಲಿ. ಹೊಸ ಪೆಲೆಟ್ ಐದು ಹೊಡೆದು 'ಇದು ಆಗಲ್ಲ' ಎಂದು ಎತ್ತಿಟ್ಟವರೇ ಹೆಚ್ಚು. ಹುಡುಗನ ಏಳು ಡಬ್ಬಿಯ ಕಥೆಯೂ ಅರ್ಧ ಇದೇ.

ಒಂದು ಗ್ರೂಪಿಗೆ ಹತ್ತು ಗುಂಡು. ಮೂರಲ್ಲ, ಐದೂ ಅಲ್ಲ. ಅದೇ ಬಂದೂಕು, ಅದೇ ಪೆಲೆಟ್, ಅದೇ ಕೈ ಇದ್ದರೂ ಮೂರು ಗುಂಡಿನ ಗ್ರೂಪಿಗಿಂತ ಹತ್ತು ಗುಂಡಿನದು ಸರಾಸರಿ ಒಂದೂವರೆ ಪಟ್ಟು ದೊಡ್ಡದಿರುತ್ತದೆ. ಮೂರು ಗುಂಡು ಒಂದೇ ತೂತಿನಲ್ಲಿ ಬಿದ್ದದ್ದು ಅದೃಷ್ಟವೂ ಇರಬಹುದು, ಹತ್ತು ಗುಂಡಿನಲ್ಲಿ ಅದೃಷ್ಟ ಅಷ್ಟು ದೂರ ಬರುವುದಿಲ್ಲ.

ಕೈಗೆ ದಣಿವು ಬರುತ್ತದೆ, ಅದನ್ನು ಮೂರೂ ಡಬ್ಬಿಗೆ ಸಮ ಹಂಚಬೇಕು. ಮೂರು ಡಬ್ಬಿಗೆ ಅ, ಆ, ಇ ಎಂದು ಚೀಟಿ ಅಂಟಿಸಿ. ಮೊದಲು ಅ, ಆ, ಇ ಕ್ರಮದಲ್ಲಿ ಒಂದೊಂದು ಗ್ರೂಪ್. ಅರ್ಧ ಗಂಟೆ ಬಿಟ್ಟು ಇ, ಆ, ಅ. ಪ್ರತಿ ಬದಲಾವಣೆಗೂ ಆ ಹದಿನೈದು ಗುಂಡು ಬ್ಯಾರೆಲ್‌ಗೆ ಕೊಡಿ. ಮರುದಿನ ಇನ್ನೊಂದು ಸುತ್ತು. ಒಂದೇ ದಿನ ಮುಗಿಸುವ ಹಟ ಬೇಡ. ಸಾಧ್ಯವಾದರೆ ಚೀಟಿ ಅಂಟಿಸುವ ಕೆಲಸ ಮನೆಯವರಿಂದ ಮಾಡಿಸಿ, ಯಾವುದು ಯಾವ ಪೆಲೆಟ್ ಎಂದು ನಿಮಗೆ ಗೊತ್ತಿರದಿರಲಿ. ದುಬಾರಿ ಡಬ್ಬಿ ಎಂದು ಗೊತ್ತಿದ್ದರೆ ಕೈ ತಾನಾಗಿಯೇ ಎಚ್ಚರ ವಹಿಸುತ್ತದೆ. ನನ್ನ ತಂಗಿಯ ಮಗಳು ನನಗೆ ಹೀಗೆ ಮಾಡಿಕೊಟ್ಟಾಗ ನಾನು ನಾಲ್ಕು ವರ್ಷ ಇಷ್ಟಪಟ್ಟು ಕೊಳ್ಳುತ್ತಿದ್ದ ಪೆಲೆಟ್ ಮೂರನೆಯ ಸ್ಥಾನಕ್ಕೆ ಹೋಯಿತು.

ಗುಂಡು ಒಳಗೆ ಕೂರಿಸುವುದೂ ಒಂದೇ ರೀತಿ ಇರಲಿ. ಮಡಚುವ ಬಂದೂಕಿನಲ್ಲಿ ಹೆಬ್ಬೆರಳಿನಲ್ಲಿ ಒತ್ತಿದಾಗ ಸ್ಕರ್ಟ್ ಬ್ಯಾರೆಲ್ ಅಂಚಿಗೆ ಸಮನಾಗಿ ಕೂರಬೇಕು. ಒಂದು ಅರ್ಧ ಹೊರಗೆ, ಒಂದು ಪೂರ್ತಿ ಒಳಗೆ ಎಂದಾದರೆ ವೇಗ ಬದಲಾಗುತ್ತದೆ.

ಟೆರೇಸ್‌ನವರು ಆಷಾಢದಲ್ಲಿ ಈ ಪರೀಕ್ಷೆ ಇಟ್ಟುಕೊಳ್ಳಬೇಡಿ. ಅರ್ಧ ಗ್ರಾಂ ಗುಂಡಿಗೆ ನಮ್ಮ ಕಡೆಯ ಆಷಾಢದ ಗಾಳಿ ಬಹಳ ದೊಡ್ಡದು. ಸಂಜೆ ಬೆಳಕು ಇಳಿಯುವ ಹೊತ್ತೂ ಬೇಡ. ಬೆಳಕು ಕಡಿಮೆಯಾದಂತೆ ಸೈಟ್ ಕಾಣುವ ರೀತಿ ಬದಲಾಗಿ ಗ್ರೂಪ್ ನಿಧಾನವಾಗಿ ಜರುಗುತ್ತದೆ, ನೀವು ಪೆಲೆಟ್ ಬೈಯುತ್ತೀರಿ.

ಹಂತ 6: ಅಳೆಯುವುದು

ಕ್ಯಾಲಿಪರ್‌ನಲ್ಲಿ ಗ್ರೂಪಿನ ಒಂದು ಹೊರ ಅಂಚಿನಿಂದ ದೂರದ ಹೊರ ಅಂಚಿಗೆ ಅಳೆದು ಗುಂಡಿನ ಅಡ್ಡಳತೆ 4.5 ಮಿ.ಮೀ. ಕಳೆಯಿರಿ. ಅದು ನಡುವಿನಿಂದ ನಡುವಿಗೆ ಇರುವ ಅಂತರ. ಈ ಸಂಖ್ಯೆಗೂ ಪಾಯಿಂಟಿಗೂ ನೇರ ಸಂಬಂಧವಿದೆ. ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ ಬರಿಯ 0.5 ಮಿ.ಮೀ. ಅಡ್ಡಳತೆ. ಗುಂಡಿನ ಅಂಚು ಅದನ್ನು ಮುಟ್ಟಿದರೂ ಹತ್ತು. ಅಂದರೆ ಗುಂಡಿನ ನಡುಬಿಂದು ಚುಕ್ಕೆಯ ನಡುವಿನಿಂದ 2.5 ಮಿ.ಮೀ. ಒಳಗಿದ್ದರೆ 10.0, ಅಲ್ಲಿಂದ ಪ್ರತಿ 0.25 ಮಿ.ಮೀ. ಹತ್ತಿರಕ್ಕೂ ಒಂದು ದಶಾಂಶ, 0.25 ಒಳಗೆ ಬಿದ್ದರೆ 10.9.

ಹಾಗಾಗಿ ಸೈಟ್ ಸರಿಯಾಗಿದ್ದು, ಹತ್ತು ಗುಂಡೂ 5 ಮಿ.ಮೀ. ಅಡ್ಡಳತೆಯ ವೃತ್ತದೊಳಗೆ ಬಂದರೆ ಬಂದೂಕು ಮತ್ತು ಪೆಲೆಟ್ ತಮ್ಮ ಕಡೆಯಿಂದ ಎಲ್ಲ ಹತ್ತನ್ನೂ ಕೊಡುತ್ತಿವೆ. ಒಳ್ಳೆಯ ಸ್ಪರ್ಧೆಯ ಬಂದೂಕಿನಲ್ಲಿ ಇದಕ್ಕಿಂತ ಎಷ್ಟೋ ಚಿಕ್ಕದು ಬರಬೇಕು. ಸಾಧಾರಣ ಸ್ಪ್ರಿಂಗ್ ಬಂದೂಕಿನಲ್ಲಿ 8ರಿಂದ 10 ಮಿ.ಮೀ. ಬಂದರೆ ಬೇಸರ ಬೇಡ, ಅಭ್ಯಾಸಕ್ಕೆ ಅದು ಧಾರಾಳ ಸಾಕು.

ಪ್ರತಿ ಪೆಲೆಟ್‌ನ ಎಲ್ಲ ಗ್ರೂಪುಗಳ ಸರಾಸರಿ ತೆಗೆಯಿರಿ. ಅತಿ ಚಿಕ್ಕ ಗ್ರೂಪ್ ಕೊಟ್ಟದ್ದು ಗೆದ್ದಂತಲ್ಲ. ಒಂದು ಸಲ 4, ಇನ್ನೊಂದು ಸಲ 11 ಕೊಡುವ ಪೆಲೆಟ್‌ಗಿಂತ ಪ್ರತಿ ಸಲ 7 ಕೊಡುವುದನ್ನು ನಾನು ಆರಿಸುತ್ತೇನೆ. ಎರಡರ ಸರಾಸರಿಯಲ್ಲಿ ಅರ್ಧ ಮಿ.ಮೀ. ವ್ಯತ್ಯಾಸವಷ್ಟೇ ಇದ್ದರೆ ಅಗ್ಗದ್ದನ್ನು ಕೊಳ್ಳಿ.

ಹಂತ 7: ತಲೆಯ ಅಳತೆ

ತೂಕ ತೀರ್ಮಾನವಾದ ಮೇಲೆ ಮಾತ್ರ ಇದು. ಒಳ್ಳೆಯ ಡಬ್ಬಿಗಳ ಮೇಲೆ 4.49, 4.50, 4.51 ಎಂದು ತಲೆಯ ಅಡ್ಡಳತೆ ಬರೆದಿರುತ್ತಾರೆ. ಒಂದೇ ತೂಕ, ಒಂದೇ ಹೆಸರು, ಈ ಅಳತೆ ಮಾತ್ರ ಬೇರೆ. ಗೆದ್ದ ಪೆಲೆಟ್‌ನ ಇನ್ನೊಂದು ಅಳತೆಯ ಡಬ್ಬಿ ತಂದು ಹಂತ 5 ಮತ್ತೆ ಮಾಡಿ. ಕೈಯಲ್ಲಿ ಕೂರಿಸುವಾಗಲೇ ಸುಳಿವು ಸಿಗುತ್ತದೆ: ತಾನಾಗಿ ಜಾರಿ ಒಳಗೆ ಬಿದ್ದರೆ ಸಣ್ಣದಾಯಿತು, ಹೆಬ್ಬೆರಳು ನೋಯುವಷ್ಟು ಒತ್ತಬೇಕಾದರೆ ದೊಡ್ಡದಾಯಿತು.

ಎಚ್ಚರಿಕೆಯ ಲಕ್ಷಣಗಳು

ಬ್ಯಾರೆಲ್ ಬಾಯಲ್ಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ, ಪಟಾಕಿಯಂಥ ಸದ್ದು: ಒಳಗೆ ಎಣ್ಣೆ ಉರಿಯುತ್ತಿದೆ, ಪರೀಕ್ಷೆ ನಿಲ್ಲಿಸಿ.

ತೂತು ದುಂಡಗಿಲ್ಲದೆ ಮೊಟ್ಟೆಯಾಕಾರ ಅಥವಾ ಬೀಗದ ಕೈ ತೂತಿನಂತೆ ಬಿದ್ದಿದ್ದರೆ ಗುಂಡು ಅಡ್ಡಡ್ಡ ಹೋಗಿ ತಾಗಿದೆ. ತೂಕ ಅಥವಾ ತಲೆಯ ಅಳತೆ ಈ ಬ್ಯಾರೆಲ್‌ಗೆ ಒಗ್ಗುತ್ತಿಲ್ಲ, ಇಲ್ಲವೇ ಬಾಯಿಯ ಅಂಚು ಹಾಳಾಗಿದೆ.

ಗ್ರೂಪ್ ಉದ್ದಕ್ಕೆ ಮೇಲೆ ಕೆಳಗೆ ಹರಡಿದ್ದರೆ ವೇಗ ಸಮನಾಗಿಲ್ಲ. ಗಾಳಿಯ ಒತ್ತಡ, ಸೀಲ್, ಗುಂಡು ಕೂರಿಸುವ ರೀತಿ ನೋಡಿ. ಅಡ್ಡಕ್ಕೆ ಹರಡಿದ್ದರೆ ಹೆಚ್ಚಾಗಿ ಹಿಡಿತ, ಟ್ರಿಗರ್ ಅಥವಾ ಗಾಳಿ. ಎರಡು ಪ್ರತ್ಯೇಕ ಗುಂಪಾಗಿ ಬಿದ್ದಿದ್ದರೆ ಏನೋ ಒಂದು ಸಡಿಲವಾಗಿದೆ, ಹಂತ 1ಕ್ಕೆ ವಾಪಸು.

ಕೈ ತೊಳೆಯುವುದನ್ನು ಮರೆಯಬೇಡಿ. ಪೆಲೆಟ್ ಸೀಸ, ಸೀಸ ವಿಷ. ಹೊಡೆಯುವಾಗ ಎರಡು ಪೆಲೆಟ್ ತುಟಿಯ ನಡುವೆ ಇಟ್ಟುಕೊಳ್ಳುವ ಅಭ್ಯಾಸ ಹಲವು ಹುಡುಗರಿಗೆ ಇದೆ. ಕಂಡಲ್ಲಿ ಬಿಡಿಸಿ. ಪೆಟ್ಟಿಗೆಯಲ್ಲಿ ಸೇರಿದ ಸೀಸದ ಪುಡಿಯನ್ನು ಪೊರಕೆಯಲ್ಲಿ ಗುಡಿಸಿ ಧೂಳೆಬ್ಬಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಹಂತ 8: ಡಬ್ಬಿಯ ಹಿಂದಿನ ಚೀಟಿ

ಗೆದ್ದ ಡಬ್ಬಿಯ ತಳದಲ್ಲಿ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ, ಇರುತ್ತದೆ. ಬರೆದಿಟ್ಟುಕೊಳ್ಳಿ. ಅಚ್ಚು ಸವೆದು ಬದಲಾದಾಗ ಅದೇ ಹೆಸರಿನ, ಅದೇ ತೂಕದ ಪೆಲೆಟ್ ಬೇರೆ ರೀತಿ ನಡೆದುಕೊಳ್ಳುತ್ತದೆ. ಸ್ಪರ್ಧೆಯ ಪೆಲೆಟ್ ಡಬ್ಬಿಗೆ ಸಾಮಾನ್ಯವಾಗಿ 500. ದಿನಕ್ಕೆ 60 ಹೊಡೆದರೆ ಎಂಟು ದಿನಕ್ಕೆ ಖಾಲಿ. ಜಿಲ್ಲಾ ಮಟ್ಟದ ಸ್ಪರ್ಧೆ ಎರಡು ತಿಂಗಳಿದೆ ಎನ್ನುವವರು ಅದೇ ಲಾಟ್‌ನ ಏಳೆಂಟು ಡಬ್ಬಿ ಒಟ್ಟಿಗೆ ಕೊಂಡಿಡಿ, ಮಳೆಗಾಲದ ತೇವ ತಾಗದ ಕಡೆ, ಎತ್ತರದಿಂದ ಬೀಳದಂತೆ. ಲಾಟ್ ಬದಲಾದರೆ ಹೊಸದು ಒಂದೇ ಡಬ್ಬಿ ತಂದು, ಹಳೆಯದರಲ್ಲಿ ಕೊನೆಯ ನೂರು ಇರುವಾಗಲೇ ಎರಡನ್ನೂ ಪಕ್ಕಪಕ್ಕದಲ್ಲಿ ಹೊಡೆದು ನೋಡಿ.

ಪಾಂಡವಪುರದ ಹುಡುಗನ ಏಳು ಡಬ್ಬಿಯಲ್ಲಿ ಅವನ ಬಂದೂಕಿಗೆ ಕೊನೆಗೆ ಒಗ್ಗಿದ್ದು 0.49 ಗ್ರಾಂನದು. ಸ್ಕ್ರೂ ಬಿಗಿದ ಮೇಲೆ ಹತ್ತು ಗುಂಡಿಗೆ 9 ಮಿ.ಮೀ. ಬಂತು. ಆ ಡಬ್ಬಿ ಅವನ ಚೀಲದಲ್ಲಿ ಮೊದಲಿನಿಂದಲೂ ಇತ್ತು.